ಬೆಳಿಗ್ಗೆ ಗರಡಿ, ಸಂಜೆ ಕರಾಟೆ, ನಡುವೆ ನಾನು

ಇಬ್ಬರು ಗುರುಗಳಿರುವವನ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಬ್ಬರು ಹೇಳಿದ್ದನ್ನು ಮಾಡಿದರೆ ಇನ್ನೊಬ್ಬರು ಬೈಯುತ್ತಾರೆ. ಇಬ್ಬರೂ ಹೇಳಿದ್ದನ್ನು ಮಾಡಿದರೆ ಮನೆಯಲ್ಲಿ ಬೈಯುತ್ತಾರೆ. ಎರಡು ದೋಣಿಯ ಮೇಲೆ ಕಾಲಿಡಬೇಡ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಆ ಹಿರಿಯರು ಯಾರೂ ದೋಣಿಯವರಿಬ್ಬರೂ ಒಟ್ಟಿಗೆ ಬಂದು ಕಾಲು ಹಿಡಿದು ಎಳೆದದ್ದನ್ನು ನೋಡಿರಲಾರರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಉಪ್ಪಾರಹಳ್ಳಿಯಿಂದ ಸೈಕಲ್ ತುಳಿದುಕೊಂಡು ಪೇಟೆಯ ಹಳೇ ಗರಡಿಮನೆಗೆ ಹೋಗುತ್ತಿದ್ದೆ. ಅಲ್ಲಿನ ಉಸ್ತಾದರಿಗೆ ಅರವತ್ತು ದಾಟಿತ್ತು. ನಮ್ಮಪ್ಪನಿಗೂ ಕುಸ್ತಿ ಕಲಿಸಿದವರು ಅವರೇ. ನಾನು ಹನ್ನೆರಡು ವರ್ಷದವನಾಗಿದ್ದಾಗಿನಿಂದ ಅವರ ಕೈಯಲ್ಲಿ ದಂಡ ಹೊಡೆದು, ಬಸ್ಕಿ ಹೊಡೆದು, ಗದೆ ತಿರುಗಿಸಿ ಬೆಳೆದವನು. ಸಂಜೆ ಮಾತ್ರ ಬೇರೆಯದೇ ಲೋಕ. ಆಗ ಊರಿಗೆಲ್ಲ ಕರಾಟೆ ಹುಚ್ಚು ಹಿಡಿದಿತ್ತು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮಾಸ್ಟರ್ ಒಬ್ಬರು ಪ್ರತಿ ಭಾನುವಾರ ರೈಲಿನಲ್ಲಿ ಬಂದು ನಮ್ಮ ಹದಿನೈದು ಜನಕ್ಕೆ ಕಲಿಸುತ್ತಿದ್ದರು. ಮಿಕ್ಕ ದಿನ ಅವರು ಕಲಿಸಿದ್ದನ್ನು ನಾನು ಅಭ್ಯಾಸ ಮಾಡಿಸುತ್ತಿದ್ದೆ. ಎಲ್ಲಾ ಸರಿ ಇತ್ತು, ಅಭ್ಯಾಸಕ್ಕೆ ಜಾಗ ಒಂದು ಬಿಟ್ಟು.

೧. ಜೇಬು

ಮೊದಲು ಒಂದು ಛತ್ರದ ಹಿತ್ತಲಲ್ಲಿ ಶುರು ಮಾಡಿದೆವು. ನಮ್ಮ ಕೂಗಾಟಕ್ಕೆ ಒಳಗೆ ನಡೆಯುತ್ತಿದ್ದ ಸೀಮಂತದ ಹೆಣ್ಣುಮಗಳು ಬೆಚ್ಚಿಬಿದ್ದಳು ಅಂತ ಓಡಿಸಿದರು. ಆಮೇಲೆ ಒಂದು ಮೈದಾನ. ಅಲ್ಲಿ ವಾಲಿಬಾಲ್‌ನವರು ಓಡಿಸಿದರು. ಕೊನೆಗೆ ನನಗೆ ಉಳಿದದ್ದು ಗರಡಿಮನೆಯ ಮುಂದಿನ ಜಗುಲಿ. ಉಸ್ತಾದರನ್ನು ಕೇಳೋದು ಹೇಗೆ? ಎರಡು ವಾರ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು, ಒಂದು ದಿನ ಬೆಳಿಗ್ಗೆ ಅವರ ಬೆನ್ನಿಗೆ ಎಣ್ಣೆ ತಿಕ್ಕುತ್ತಾ, ಅವರು ಚೆನ್ನಾಗಿ ಮೆತ್ತಗಾದ ಹೊತ್ತು ನೋಡಿ ಕೇಳಿಬಿಟ್ಟೆ.

"ಆ ಬಿಳೀ ಪೈಜಾಮದವ್ರಾ?" ಅಂದರು.

"ಹೂಂ ಉಸ್ತಾದ್ರೇ."

"ತಗೊಂಬಾ ನೋಡಾನ, ಆ ಬಟ್ಟೆ."

ತಂದು ತೋರಿಸಿದೆ. ನಮ್ಮ ಕರಾಟೆ ಉಡುಪು ಹೊಲಿದವನು ನಮ್ಮ ಬೀದಿಯ ದರ್ಜಿ. ಬೆಂಗಳೂರಿನ ನಮೂನೆ ಕೊಟ್ಟು ಹಾಗೇ ಹೊಲಿಯಪ್ಪಾ ಅಂದರೆ, ಅವನು ಅದಕ್ಕೆ ಎರಡು ಜೇಬು, ಒಳಗೊಂದು ಗುಟ್ಟಿನ ಜೇಬು ಇಟ್ಟಿದ್ದ. ಜೇಬಿಲ್ಲದೆ ಹೊಲಿದು ಕೊಟ್ಟರೆ ಬಟ್ಟೆ ಕದ್ದೆ ಅಂತಾರೆ ಅನ್ನೋದು ಅವನ ವಾದ. ಉಸ್ತಾದರು ಆ ಜೇಬುಗಳಲ್ಲಿ ಒಂದೊಂದಕ್ಕೂ ಕೈ ಹಾಕಿ ನೋಡಿದರು. ಲಂಗೋಟಿ ಬಿಟ್ಟು ಇನ್ನೇನನ್ನೂ ಉಟ್ಟು ಮಟ್ಟಿಗೆ ಇಳಿದವರಲ್ಲ ಅವರು. ಮಟ್ಟಿ ಅಂದರೆ ಕುಸ್ತಿ ಆಡುವ ಕೆಮ್ಮಣ್ಣು. ಎಣ್ಣೆ, ಅರಿಶಿನ, ನಿಂಬೆಹಣ್ಣು ಹಾಕಿ ಹದ ಮಾಡಿದ ಮಣ್ಣು. ಅವರಿಗೆ ಅದು ದೇವರ ಮನೆ.

"ಜಗುಲಿ ಕೊಡ್ತೀನಿ," ಅಂದರು. ನನ್ನ ಎದೆ ಹಗುರಾಯಿತು. "ಒಂದ್ ವರ್ಷ. ಅಷ್ಟರಲ್ಲಿ ನಿಮ್ಮ ಪೈಕಿ ಪಂದ್ಯ ನಡೀತದಲ್ಲ, ಅದ್ರಲ್ಲಿ ನೀನು ಪದಕ ತರ್ಬೇಕು. ಬೇರೆ ಯಾವನದ್ದೂ ಬ್ಯಾಡ. ನನ್ ಮಣ್ಣು ತಿಂದವ್ನು ನೀನು. ನೀನು ತಂದ್ರೆ ಇದೂ ಒಂದು ವಿದ್ಯೆ ಅಂತ ಒಪ್ಕೋತೀನಿ. ತರ್ಲಿಲ್ವೋ, ಅವತ್ತೇ ಎಲ್ಲಾರೂ ಜಾಗ ಖಾಲಿ ಮಾಡ್ಬೇಕು. ಬೆಳಿಗ್ಗೆ ಸಾಮು ಮಾತ್ರ ತಪ್ಪಿಸ್ಬ್ಯಾಡ."

ಮಾಸ್ಟರಿಗೆ ಹೇಳಿದೆ. ಅವರೂ ಗಂಭೀರವಾಗಿ, "ಜಾಗ ಹೋದ್ರೆ ನಾನು ಭಾನುವಾರ ಬರೋದು ನಿಲ್ಲಿಸ್ಬೇಕಾಗತ್ತೆ ಕಣಪ್ಪಾ. ನೋಡ್ಕೊ" ಅಂದರು. ಹದಿನೈದು ಜನರ ಕರಾಟೆ ನನ್ನೊಬ್ಬನ ಹೆಗಲಿಗೆ ಬಂತು. ಅವತ್ತಿನಿಂದ ಒಂದು ವರ್ಷ ನನಗೆ ನೆಟ್ಟಗೆ ನಿದ್ದೆ ಬಂದದ್ದಿಲ್ಲ, ಕಚೇರಿಯಲ್ಲಿ ಬಿಟ್ಟರೆ.

ಹೊರಡುವಾಗ ಉಸ್ತಾದರು ಬಟ್ಟೆ ಮಡಿಸಿ ಕೈಗೆ ಕೊಟ್ಟು ಕೇಳಿದರು: "ಅಲ್ಲಾ ಕಣ್ಲಾ, ಹೊಡೆದಾಡೋನಿಗೆ ಮೂರು ಜೇಬು ಯಾಕೆ? ಉದುರಿದ ಹಲ್ಲು ಹಾಕ್ಕೊಳಾಕಾ?"

೨. ಕಲ್ಲು

ಕರಾಟೆಯಲ್ಲಿ ಕಾಲಿನಿಂದ ಒದೆಯುತ್ತಾರೆ ಅಂತ ಗೊತ್ತಾದ ಮೇಲೆ ಉಸ್ತಾದರು ನನ್ನ ಕಾಲಿನ ಜವಾಬ್ದಾರಿಯನ್ನು ತಾವೇ ತೆಗೆದುಕೊಂಡರು. "ಕಾಲಿಗೆ ಬೆಟ್ಟ ಹತ್ಬೇಕು. ಸುಮ್ನೆ ಹತ್ತಿದ್ರೆ ಅದು ಯಾತ್ರೆ. ಕಲ್ಲು ಹೊತ್ಕೊಂಡು ಹತ್ತಿದ್ರೆ ಸಾಮು" ಅಂದರು. ಗರಡಿಯಲ್ಲಿ ಒಂದು ಗುಂಡುಕಲ್ಲಿತ್ತು. ಅವರ ಉಸ್ತಾದರು ಕೊಟ್ಟದ್ದು. ನಲವತ್ತು ವರ್ಷದ ಎಣ್ಣೆ, ಬೆವರು ಕುಡಿದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಒಂದು ಶನಿವಾರ ಅದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ದೇವರಾಯನದುರ್ಗದ ಬಸ್ಸು ಹತ್ತಿದೆ. ಕಂಡಕ್ಟರು ಚೀಲ ಅಲ್ಲಾಡಿಸಲು ಹೋಗಿ, ಅದು ಅಲ್ಲಾಡದೆ, ನನ್ನನ್ನು ಇಳಿಯುವ ತನಕ ಅನುಮಾನದಿಂದ ನೋಡುತ್ತಾ ನಿಂತಿದ್ದ.

ಹೆಗಲ ಮೇಲೆ ಕಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಲು ಶುರು ಮಾಡಿದೆ. ಅರ್ಧ ದಾರಿಗೆ ತೊಡೆ ನಡುಗಿ, ಕಣ್ಣು ಕತ್ತಲೆ ಬಂದಂತಾಗಿ, ಒಂದು ಮರದ ಕಟ್ಟೆಯ ಮೇಲೆ ಕಲ್ಲಿಟ್ಟು ನೀರು ಹುಡುಕಿಕೊಂಡು ಹೋದೆ. ನೀರು ಕುಡಿದು, ಮುಖ ತೊಳೆದು, ನೀರು ಕೊಟ್ಟವರ ಜೊತೆ ಎರಡು ಮಾತಾಡಿ ಬರುವಷ್ಟರಲ್ಲಿ ಕಾಲು ಗಂಟೆ ಆಗಿರಬೇಕು.

ವಾಪಸ್ಸು ಬಂದು ನೋಡಿದರೆ ಕಲ್ಲಿಗೆ ಕುಂಕುಮ ಬಿದ್ದಿದೆ. ಮೇಲೊಂದು ಚೆಂಡುಹೂವು. ಮುಂದೆ ಊದುಬತ್ತಿ. ಒಬ್ಬ ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾಳೆ. ಅವಳ ಹಿಂದೆ ಏಳೆಂಟು ಜನರ ಸಾಲು.

ಕಲ್ಲು ಬಿಟ್ಟು ಹೋದರೆ ಉಸ್ತಾದರು ಕೊಲ್ಲುತ್ತಾರೆ, ಎತ್ತಿಕೊಂಡರೆ ಇವರು ಕೊಲ್ಲುತ್ತಾರೆ. ಆದದ್ದಾಗಲಿ ಅಂತ ಮೆಲ್ಲಗೆ ಹೋಗಿ ಕಲ್ಲಿನ ಅಡಿಗೆ ಕೈ ಹಾಕಿದೆ.

"ಅಯ್ಯಯ್ಯೋ! ದೇವ್ರುಗೇ ಕೈ ಹಾಕ್ತಾವ್ನಲ್ರಪ್ಪೋ!" ಅಂತ ಅಜ್ಜಿ ಕೂಗಿದಳು.

"ಅಜ್ಜೀ, ಇದು ನಮ್ಮ ಗರಡಿ ಕಲ್ಲು ಕಣಜ್ಜೀ. ನಾನೇ ತಂದಿದ್ದು. ಈಗ ತಾನೆ."

"ನೀನು ತಂದ್ಯಾ? ಈ ಪಾಟಿ ಗುಂಡಗಿರೋ ದೇವ್ರುನ್ನ ನೀನು ತಂದ್ಯಾ? ಯಾವ ಊರ್ಲಾ ನಿಂದು?"

ಸಾಲಿನಲ್ಲಿದ್ದ ಒಬ್ಬ ದಪ್ಪ ಮೀಸೆಯವನು ಶರ್ಟಿನ ತೋಳು ಮಡಿಸತೊಡಗಿದ. ಎರಡು ವಿದ್ಯೆ ಕಲಿತ ನಾನು ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದೆ. ಓಡಿದೆ. ಇಳಿಯುವಾಗ ಎಷ್ಟು ವೇಗವಾಗಿ ಇಳಿದೆನೆಂದರೆ, ಹತ್ತುವಾಗ ಸಿಗದ ಸಾಮು ಅಲ್ಲಿ ಸಿಕ್ಕಿತು.

ಉಸ್ತಾದರ ಮುಂದೆ ನಿಂತು ನಡೆದದ್ದೆಲ್ಲ ಹೇಳುವಾಗ ನನಗೆ ಅಳುವೇ ಬಂತು. ಅವರು ಕಲ್ಲಿದ್ದ ಜಾಗವನ್ನೊಮ್ಮೆ ನೋಡಿ ಒಳಗೆ ಹೋಗಿಬಿಟ್ಟರು. ಜಗುಲಿ ಇವತ್ತೇ ಹೋಯಿತು ಅಂದುಕೊಂಡೆ. ಮುಂದಿನ ಶನಿವಾರ ಬೆಳಿಗ್ಗೆ ಎದ್ದವರೇ ಪಂಚೆ ಮೇಲಕ್ಕೆ ಕಟ್ಟಿ, "ನನ್ ಕಲ್ಲು ನಾನೇ ತರ್ತೀನಿ, ಯಾವನು ತಡೀತಾನೋ ನೋಡ್ತೀನಿ" ಅಂತ ಖಾಲಿ ಗೋಣಿಚೀಲ ಹಿಡಿದು ಹೊರಟರು. ಇಡೀ ದಿನ ನಾನು ಗರಡಿ ಬಾಗಿಲಲ್ಲೇ ಕೂತಿದ್ದೆ. ಸಂಜೆ ಬಂದರು. ಹಣೆಯಲ್ಲಿ ಕುಂಕುಮ. ಚೀಲ ಹಾಗೇ ಖಾಲಿ.

"ಕಲ್ಲೇನಾಯ್ತು ಉಸ್ತಾದ್ರೇ?"

"ಅಲ್ಲಿ ಜನ ಕೈ ಮುಗೀತಾ ನಿಂತಿದ್ರು ಕಣೋ. ನಾನೊಬ್ನೇ ಹೆಂಗೆ ಸುಮ್ನೆ ನಿಂತ್ಕೊಳ್ಳಾದು," ಅಂತ ಚೀಲ ಮೂಲೆಗೆ ಎಸೆದರು. "ಹಣ್ಣುಕಾಯಿ ಮಾಡಿಸ್ಕೊಂಡು ಬಂದೆ."

೩. ಹೆಂಚು

ಪಂದ್ಯಕ್ಕೆ ಎರಡು ತಿಂಗಳಿದ್ದಾಗ ಮಾಸ್ಟರು ಕುಣಿಗಲ್‌ನಲ್ಲಿ ಒಂದು ಪ್ರದರ್ಶನ ಇಟ್ಟುಕೊಂಡರು. ಅಲ್ಲೂ ತರಗತಿ ಶುರು ಮಾಡುವ ಆಸೆ ಅವರಿಗೆ. ನಾನು ಹೆಂಚು ಒಡೆದು ತೋರಿಸಬೇಕು, ಒಂದರ ಮೇಲೊಂದು ಐದು ಹೆಂಚು, ಒಂದೇ ಏಟು. ಕರಾಟೆಯವರ ಹೆಂಚಿನ ಗುಟ್ಟು ಏನೆಂದರೆ, ಹಳೇ ಮನೆ ಕೆಡವಿದ ಕಡೆಯಿಂದ ಬಿಸಿಲು ಮಳೆಗೆ ಸೊರಗಿದ ಹೆಂಚು ತಂದಿಟ್ಟುಕೊಳ್ಳುವುದು. ಮೋಸ ಅಂತಲ್ಲ. ಹೊಸ ಹೆಂಚು ಒಡೆಯುವುದಕ್ಕೆ ನಾವೇನು ಸೂರಿನ ಮೇಲೆ ಬಿದ್ದ ತೆಂಗಿನಕಾಯಲ್ಲ.

ಆ ದಿನ ಉಸ್ತಾದರೂ ನನ್ನ ಜೊತೆ ಬಂದರು. ನಾನು ಅಂಗಿ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಅವರು ವೇದಿಕೆಯ ಹಿಂದೆ ಹೆಂಚಿನ ರಾಶಿಯ ಮುಂದೆ ಕೂತು ಒಂದೊಂದನ್ನೇ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಪಕ್ಕಕ್ಕಿಡುತ್ತಿದ್ದರು.

"ಏನ್ ಮಾಡ್ತಿದೀರಾ ಉಸ್ತಾದ್ರೇ?"

"ನಿಮ್ ಮಾಸ್ಟ್ರಿಗೆ ಯಾವನೋ ಟೋಪಿ ಹಾಕವ್ನೆ ಕಣೋ. ಎಲ್ಲಾ ಬಿರುಕು ಬಿಟ್ಟ ಹೆಂಚು. ಇಷ್ಟು ಜನದ ಮುಂದೆ ಬಿರುಕು ಹೆಂಚು ಒಡುದ್ರೆ ಗರಡಿ ಮರ್ಯಾದೆ ಏನಾಗ್ಬೇಕು? ಅದಕ್ಕೇ ಎದುರುಗಡೆ ಮನೆ ಕಟ್ತಾ ಇದ್ರಲ್ಲ, ಅವ್ರನ್ನ ಕೇಳಿ ಐದು ತಂದಿವ್ನಿ. ಗಟ್ಟಿ ಮಾಲು. ಕೇಳು, ಗಂಟೆ ಬಾರಿಸ್ದಂಗೆ ಬಾರಿಸ್ತದೆ."

ಟಣ್ ಅಂತು. ನನ್ನ ಎದೆಯೊಳಗೂ ಏನೋ ಟಣ್ ಅಂತು.

ಆ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು ಕೂಗಿಯಾಗಿತ್ತು. ಮುನ್ನೂರು ಜನ ಕೂತಿದ್ದರು. ಮಾಸ್ಟರು ನಗುನಗುತ್ತಾ ಹೆಂಚುಗಳನ್ನು ಜೋಡಿಸಿದರು. ಅವರಿಗೆ ಬದಲಾದದ್ದು ಗೊತ್ತಿಲ್ಲ. ಹೇಳೋಣ ಅಂದರೆ ಎದುರಿನ ಸಾಲಲ್ಲಿ ಉಸ್ತಾದರು ಮೀಸೆ ತಿರುವುತ್ತಾ ಕೂತಿದ್ದಾರೆ. ಉಸಿರು ಎಳೆದೆ. ಕೂಗಿದೆ. ಹೊಡೆದೆ.

ಹೆಂಚು ಇದ್ದ ಹಾಗೇ ಇತ್ತು. ಇನ್ನೊಮ್ಮೆ ಹೊಡೆದೆ. ಮೇಲಿನ ಹೆಂಚಿನ ಧೂಳು ಎದ್ದಿತು. ಮೂರನೇ ಸಲ ಹೊಡೆದಾಗ ನನ್ನ ಕೂಗು ಕೇಳಿ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಅದು ಕರಾಟೆಯ ಕೂಗಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಕೈ ಬದನೆಕಾಯಿಯ ಹಾಗೆ ಊದಿಕೊಂಡಿತು. ವಾಪಸ್ಸು ಬಸ್ಸಿನಲ್ಲಿ ಉಸ್ತಾದರು ಪಕ್ಕದಲ್ಲಿ ಕೂತು ಎಣ್ಣೆ ಹಾಕಿ ನೀವುತ್ತಲೇ ಇದ್ದರು. ಮಾಸ್ಟರು ಹಿಂದಿನ ಸೀಟಿನಲ್ಲಿ ತಲೆ ಹಿಡಿದುಕೊಂಡಿದ್ದರು. ಪಂದ್ಯದ ಹೊತ್ತಿಗೆ ಕೈ ಸರಿಹೋಗದಿದ್ದರೆ ಏನು ಗತಿ ಅಂತ ಮೂವರಿಗೂ ಒಂದೇ ಯೋಚನೆ.

ಅವತ್ತು ಪ್ರದರ್ಶನ ಮುಗಿದ ಮೇಲೆ ಕರಾಟೆ ಸೇರುತ್ತೇನೆ ಅಂತ ಒಬ್ಬನೂ ಬರಲಿಲ್ಲ. ಆದರೆ ಮೂರು ಜನ ಬಂದು ಮಾಸ್ಟರನ್ನು ಕೈ ಮುಗಿದು ಕೇಳಿದರು: "ಆ ಹೆಂಚು ಎಲ್ಲಿ ಸಿಗ್ತವೆ ಸಾರ್?"

೪. ಮುದ್ದೆ

ಕೈಯ ಊತ ಇಳಿಯುವ ಹೊತ್ತಿಗೆ ಪಂದ್ಯ ಗುಬ್ಬಿಯಲ್ಲಿ ಅಂತ ಗೊತ್ತಾಯಿತು. ತೂಕದ ಮೇಲೆ ವಿಭಾಗ. ಮಾಸ್ಟರು ಸ್ಪಷ್ಟವಾಗಿ ಹೇಳಿದರು: "ನೀನು ಅರವತ್ತು ಕೆ.ಜಿ. ಒಳಗೆ ಬರ್ಬೇಕು. ಅದರ ಮೇಲಿನದ್ರಲ್ಲಿ ಎಲ್ಲಾ ಉದ್ದ ಕಾಲಿನ ಹುಡುಗ್ರು ಬರ್ತಾರೆ. ಅಲ್ಲಿ ನೀನು ಪದಕ ನೋಡ್ಬಹುದು, ಮುಟ್ಟೋಕಾಗಲ್ಲ."

ನಾನು ಆಗ ಅರವತ್ತನಾಲ್ಕು ಇದ್ದೆ. ಅದರಲ್ಲಿ ಎರಡು ಕೆ.ಜಿ. ಉಸ್ತಾದರ ತುಪ್ಪದ್ದು. ಅವರ ಲೆಕ್ಕದಲ್ಲಿ ದಂಡ ಹೆಚ್ಚಾದಂತೆ ಹಾಲು ಹೆಚ್ಚಬೇಕು, ಬಸ್ಕಿ ಹೆಚ್ಚಾದಂತೆ ಬಾದಾಮಿ ಹೆಚ್ಚಬೇಕು. ಮಾಸ್ಟರ ಲೆಕ್ಕದಲ್ಲಿ ಬೆಳಿಗ್ಗೆ ಒಂದು ಸೌತೆಕಾಯಿ, ಸಂಜೆ ಅರ್ಧ ಚಪಾತಿ. ಬೆಳಿಗ್ಗೆ ಉಸ್ತಾದರೆದುರು ಲೋಟ ಎತ್ತಿ ಕುಡಿದಂತೆ ಮಾಡಿ, ಗರಡಿಯ ಹಿಂದಿನ ಬೇವಿನ ಮರದ ಬುಡಕ್ಕೆ ಹಾಲು ಸುರಿಯುತ್ತಿದ್ದೆ. ಆ ಮರ ಆ ವರ್ಷ ಬಹಳ ಚೆನ್ನಾಗಿ ಚಿಗುರಿತು.

ಮನೆಯಲ್ಲಿ ಅಮ್ಮನಿಗೆ ಬೇರೆಯೇ ಅನುಮಾನ. ಮೂರು ದಿನ ಮುದ್ದೆ ಬಿಟ್ಟದ್ದು ನೋಡಿ ನಾಲ್ಕನೇ ದಿನ ನನ್ನ ಮುಂದೆ ಕೂತು, "ಯಾವ ಹುಡುಗಿ ಹೇಳ್ಬುಡೋ. ನಾನೇ ಹೋಗಿ ಕೇಳ್ಕೊಂಡು ಬರ್ತೀನಿ" ಅಂದಳು. ಹುಡುಗಿ ಇಲ್ಲಮ್ಮಾ, ತೂಕ ಅಂದೆ. ಅಮ್ಮ, "ಅವಳು ದಪ್ಪ ಇದ್ರೂ ಪರವಾಗಿಲ್ಲ ಕಣೋ" ಅಂದಳು. ಆಮೇಲೆ ಸೀದಾ ಉಸ್ತಾದರ ಹತ್ತಿರ ದೂರು ಒಯ್ದಳು.

ಭಾನುವಾರ ಮಧ್ಯಾಹ್ನ ಉಸ್ತಾದರು ಚೆಂಬು ತುಂಬ ಬಾದಾಮಿ ಹಾಲು ಹಿಡಿದು ನಮ್ಮ ಉಪ್ಪಾರಹಳ್ಳಿ ಮನೆಗೆ ಬಂದರು. ಅವರು ಬಂದು ಐದು ನಿಮಿಷಕ್ಕೆ ಮಾಸ್ಟರೂ ಬಂದರು, ಕೈಯಲ್ಲಿ ನಾಲ್ಕು ಸೌತೆಕಾಯಿ. ಇಬ್ಬರೂ ಒಬ್ಬರ ಕೈಯಲ್ಲಿರುವುದನ್ನು ಒಬ್ಬರು ನೋಡಿದರು. ನನಗೆ ನೆಲ ಬಿರಿದು ನುಂಗಿಬಿಡಬಾರದೇ ಅನ್ನಿಸಿತು.

"ನಿಮ್ ಮಾಸ್ಟ್ರಿಗೆ ಹೇಳು," ಉಸ್ತಾದರು ನನ್ನ ಕಡೆ ತಿರುಗಿ ಅಂದರು, "ಸೌತೆಕಾಯಿ ತಿಂದು ಮೇಕೇನೂ ಕುಸ್ತಿ ಗೆದ್ದಿಲ್ಲ."

"ಉಸ್ತಾದ್ರಿಗೆ ಹೇಳು," ಮಾಸ್ಟರೂ ನನ್ನ ಕಡೆಗೇ ತಿರುಗಿ ಅಂದರು, "ತುಪ್ಪ ತಿಂದವ್ರು ಗೋಡೆ ಥರ ನಿಲ್ತಾರೆ. ಗೋಡೆಗೆ ಎಲ್ಲಾರೂ ಹೊಡೀಬಹುದು."

"ಗೋಡೆಗೆ ಹೊಡೆದೋನ ಕೈ ಏನಾಯ್ತದೆ ಅಂತಾನೂ ಕೇಳು."

ಯಾರಿಗೆ ಹೂಂ ಅಂದರೂ ಇನ್ನೊಬ್ಬರು ಎದ್ದು ಹೋಗುತ್ತಾರೆ, ಎದ್ದು ಹೋದವರು ವಾಪಸ್ಸು ಬರುವುದಿಲ್ಲ. ನನಗೆ ಇಬ್ಬರೂ ಬೇಕಾಗಿತ್ತು. ಅಪ್ಪ ಹೋದ ಮೇಲೆ ಬೆನ್ನು ತಟ್ಟಿದವರು ಇವರಿಬ್ಬರೇ. ಇಬ್ಬರ ಧ್ವನಿಯೂ ಏರುತ್ತಾ ಏರುತ್ತಾ ಇನ್ನೇನು ಕೈ ಕೈ ಮಿಲಾಯಿಸಬೇಕು ಅನ್ನುವಾಗ ಅಡಿಗೆಮನೆಯಿಂದ ಅಮ್ಮ ಬಂದು ಇಬ್ಬರ ಮುಂದೆಯೂ ಒಂದೊಂದು ತಟ್ಟೆ ಇಟ್ಟಳು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು.

"ಜಗಳ ಆಮೇಲಾಡಿ. ಆರೋಗ್ತದೆ," ಅಂದಳು.

ಉಸ್ತಾದರು ಎರಡು ಮುದ್ದೆ ಉಂಡರು. ಮಾಸ್ಟರು ಬೇಡ ಬೇಡ ಅನ್ನುತ್ತಲೇ ಎರಡೂವರೆ ಉಂಡು, ಸಾರು ಇನ್ನೊಂದು ಸೌಟು ಹಾಕಿಸಿಕೊಂಡು, ಬಾದಾಮಿ ಹಾಲನ್ನೂ ಅರ್ಧ ಚೆಂಬು ಮುಗಿಸಿದರು. ನಾನು ಮೂಲೆಯಲ್ಲಿ ಕೂತು ಸೌತೆಕಾಯಿ ಕಚ್ಚುತ್ತಾ ನೋಡುತ್ತಿದ್ದೆ. ನನ್ನ ಊಟದ ವಿಷಯಕ್ಕೆ ಅಷ್ಟು ಜಗಳವಾದ ಆ ದಿನ, ಮನೆಯಲ್ಲಿ ಹಸಿದುಕೊಂಡಿದ್ದವನು ನಾನೊಬ್ಬನೇ.

೫. ತೂಕ

ಪಂದ್ಯದ ಹಿಂದಿನ ಸಂಜೆ ತುಮಕೂರು ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ ಹತ್ತಿದೆ. ಅರವತ್ತೊಂದು. ಇನ್ನೂ ಒಂದು ಕೆ.ಜಿ. ಇಳಿಯಬೇಕು. ಬಾಯಿಗೆ ನೀರೂ ಹಾಕದೆ, ಬೆಳಿಗ್ಗೆ ಕಂಬಳಿ ಹೊದ್ದು ಓಡಿ, ಬೆವರು ಸುರಿಸಿ, ಗುಬ್ಬಿಯ ಬಸ್ಸಿಳಿಯುವಾಗ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಉಸ್ತಾದರು, ಮಾಸ್ಟರು ಇಬ್ಬರೂ ನನ್ನ ಎರಡು ಪಕ್ಕದಲ್ಲಿ ನಡೆಯುತ್ತಿದ್ದರು, ಕೈದಿಯನ್ನು ಕರೆದೊಯ್ಯುವ ಪೊಲೀಸರ ಹಾಗೆ.

ಅಲ್ಲಿ ಹೋದರೆ ಗಡಿಬಿಡಿ. ಬೆಂಗಳೂರಿನಿಂದ ತರಿಸಿದ್ದ ತೂಕದ ಯಂತ್ರ ಬಸ್ಸಿನ ಮೇಲಿಂದ ಬಿದ್ದು, ಯಾರು ಹತ್ತಿದರೂ ತೊಂಬತ್ತು ತೋರಿಸುತ್ತಿತ್ತು. ಸಂಘಟಕರು ಯೋಚಿಸಿ, ಎಲ್ಲರನ್ನೂ ಸಾಲಾಗಿ ಹಿಂದಿನ ಬೀದಿಯ ಒಂದು ಕೊಬ್ಬರಿ ಮಂಡಿಗೆ ಕರೆದುಕೊಂಡು ಹೋದರು. ಅಲ್ಲಿ ದೊಡ್ಡ ತಕ್ಕಡಿ ಇತ್ತು, ತೊಲೆಗೆ ಸರಪಳಿಯಲ್ಲಿ ನೇತುಹಾಕಿದ್ದು. ತೂಕ ಮಾಡುವವರು ಒಬ್ಬ ಯಜಮಾನರು. ಮೂವತ್ತು ವರ್ಷದಿಂದ ಅದೇ ಕೆಲಸವಂತೆ. ಒಂದು ತಟ್ಟೆಗೆ ಕಬ್ಬಿಣದ ಕಲ್ಲು ಹಾಕುವುದು, ಇನ್ನೊಂದರಲ್ಲಿ ಮನುಷ್ಯ ಕೂರುವುದು, ಅವರು ಮುಳ್ಳು ನೋಡಿ ರಾಗವಾಗಿ ಕೂಗುವುದು.

ಅರವತ್ತರೊಳಗಿನ ವಿಭಾಗಕ್ಕೆ ನಾವು ಆರು ಜನ. ಆರೂ ಜನರ ಕೆನ್ನೆ ಒಳಗೆ ಹೋಗಿದ್ದವು. ಸರದಿ ಬಂತು. ತಟ್ಟೆಯಲ್ಲಿ ಕಾಲು ಮಡಿಸಿ ಕೂತು ಸರಪಳಿ ಹಿಡಿದು ಕಣ್ಣು ಮುಚ್ಚಿದೆ. ಹೋಯಿತು, ಜಗುಲಿ ಹೋಯಿತು, ಹದಿನೈದು ಜನ ಹೋದರು, ಭಾನುವಾರ ಹೋಯಿತು ಅಂತ ಮನಸ್ಸು ಬಡಿದುಕೊಳ್ಳುತ್ತಿತ್ತು.

"ಐವತ್ತೊಂಬತ್ತೇ...!"

ಕಣ್ಣು ಬಿಟ್ಟೆ. ಉಸ್ತಾದರು ನನ್ನನ್ನು ತಟ್ಟೆಯಿಂದ ಎತ್ತಿಕೊಂಡೇಬಿಟ್ಟರು. ಪಂದ್ಯಕ್ಕೆ ಇನ್ನೂ ಒಂದು ಗಂಟೆ ಇತ್ತು. "ತೂಕ ಮುಗೀತಲ್ಲ, ಇನ್ ಯಾರಪ್ಪನ ಹಂಗು?" ಅಂತ ಎದುರಿನ ಹೋಟೆಲಿಗೆ ಎಳೆದುಕೊಂಡು ಹೋದರು. ಎರಡು ದಿನದ ಹಸಿವು. ಏಳು ಇಡ್ಲಿ, ಎರಡು ವಡೆ, ಒಂದು ಕೇಸರಿಬಾತು. ಅವರು ತಿನ್ನಿಸುತ್ತಲೇ ಇದ್ದರು, ನಾನು ತಿನ್ನುತ್ತಲೇ ಇದ್ದೆ. ತಲೆಯೆತ್ತಿ ನೋಡಿದರೆ ಸುತ್ತಲಿನ ಮೇಜುಗಳಲ್ಲಿ ನಮ್ಮ ವಿಭಾಗದ ಮಿಕ್ಕ ಐದೂ ಜನ ಕೂತಿದ್ದಾರೆ. ಒಬ್ಬರೂ ಮಾತಾಡುತ್ತಿಲ್ಲ, ಬರೀ ಅಗಿಯುತ್ತಿದ್ದಾರೆ.

ಆಗ ಮಾಸ್ಟರು ಓಡಿಬಂದರು. "ತೂಕ ತಪ್ಪಾಗಿದೆ ಕಣೋ. ಎಲ್ಲಾರ್ದೂ ಒಂದೂವರೆ ಕೆ.ಜಿ. ಕಮ್ಮಿ ಬಂದಿದೆ. ನಾನೂ ಕೂತು ನೋಡಿದೆ, ನಂದೂ ಕಮ್ಮಿ!"

ಕೈಯಲ್ಲಿದ್ದ ವಡೆ ಹಾಗೇ ನಿಂತಿತು. ಎಲ್ಲರೂ ಮಂಡಿಗೆ ಓಡಿದೆವು. ಪಂದ್ಯದ ತೀರ್ಪುಗಾರರೂ ಬಂದಿದ್ದರು. ತೂಕದ ಯಜಮಾನರು ಗೋಣಿಯ ಮೇಲೆ ಕೂತು ನೆಮ್ಮದಿಯಾಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

"ತಪ್ಪಾ? ನನ್ ತಕ್ಕಡೀಲಾ?" ಅಂದರು. "ಕ್ಲೀನಾಗಿ ತೂಗಿವ್ನಿ ಸ್ವಾಮಿ. ಚೀಲಕ್ಕೆ ಒಂದು ಕೇಜಿ, ತೇವಕ್ಕೆ ಅರ್ಧ ಕೇಜಿ ಕಳೆದು ಕೂಗಿವ್ನಿ. ಮೂವತ್ತು ವರ್ಷದಿಂದ್ಲೂ ಹಂಗೇ."

"ಅಯ್ಯೋ ಯಜಮಾನ್ರೇ, ಇವ್ರು ಮನುಷ್ಯರು! ಚೀಲ ಎಲ್ಲಿದೆ?" ಅಂದರು ಮಾಸ್ಟರು.

"ಬಟ್ಟೆ ಹಾಕ್ಕೊಂಡಿಲ್ವಾ?"

"ತೇವ?"

ಅವರು ನನ್ನನ್ನು ಬೆರಳು ಮಾಡಿ ತೋರಿಸಿದರು. "ಬೆವರ್ತಿದ್ದಾನಲ್ಲ, ನೋಡಿ."

ಮಾಸ್ಟರು ನೇರ ಮನುಷ್ಯ. ಮತ್ತೆ ತೂಗಲೇಬೇಕು ಅಂದರು. ಯಜಮಾನರು ಎದ್ದು ತಕ್ಕಡಿಗೆ ಅಡ್ಡ ನಿಂತರು. ಕೂಗಿದ ತೂಕ ಕೂಗಿದ್ದೇ, ಈ ಮಂಡಿಯಲ್ಲಿ ಒಂದೇ ಚೀಲ ಎರಡು ಸಲ ತಕ್ಕಡಿ ಏರಿದ್ದಿಲ್ಲ ಅಂದರು. ನನಗೆ ಹೊಟ್ಟೆಯೊಳಗೆ ಏಳು ಇಡ್ಲಿ ಏಳು ಕಲ್ಲಾಗಿದ್ದವು. ಮತ್ತೆ ತೂಗಿದರೆ ನಾನಂತೂ ಮುಗಿದೆ. ನಾನೇ ಏನು, ಆರು ಜನವೂ ಮುಗಿದರು. ಆ ವಿಭಾಗದಲ್ಲಿ ಆಡುವುದಕ್ಕೆ ಒಂದು ನರಪಿಳ್ಳೆಯೂ ಉಳಿಯುವುದಿಲ್ಲ.

ಉಸ್ತಾದರು ಮುಂದೆ ಬಂದು ತೀರ್ಪುಗಾರರನ್ನು ಕೇಳಿದರು: "ಸ್ವಾಮಿ, ಆರು ಜನಕ್ಕೂ ಒಂದೇ ಚೀಲ ಕಳೆದವ್ರೆ. ಆರು ಜನಾನೂ ಒಂದೇ ಹೋಟ್ಲಲ್ಲಿ ತಿಂದವ್ರೆ. ಮೋಸ ಆಗಿರೋದು ಯಾರಿಗೆ ಹೇಳಿ?"

ತೀರ್ಪುಗಾರರು ಆರೂ ಜನರ ಹೊಟ್ಟೆಯನ್ನು ಸಾಲಾಗಿ ನೋಡಿದರು. ಆಮೇಲೆ, "ನಡೀಲಿ" ಅಂದರು.

ಕರಾಟೆಯ ಇತಿಹಾಸದಲ್ಲಿ ಅಷ್ಟು ನಿಧಾನವಾದ ಪಂದ್ಯಗಳು ಇನ್ನೆಲ್ಲೂ ನಡೆದಿರಲಾರವು. ಸೊಂಟದ ಮೇಲೆ ಕಾಲೆತ್ತಲು ಯಾರಿಗೂ ಧೈರ್ಯವಿಲ್ಲ. ಎಲ್ಲರ ಎರಡೂ ಕೈ ಮುಖ ಬಿಟ್ಟು ಹೊಟ್ಟೆ ಕಾಯುತ್ತಿದ್ದವು. ನನ್ನ ಮೊದಲ ಎದುರಾಳಿ ಅರ್ಧಕ್ಕೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಓಡಿದವನು ವಾಪಸ್ಸು ಬರಲಿಲ್ಲ. ಹೀಗೇ ತೆವಳಿಕೊಂಡು ಫೈನಲ್ ಮುಟ್ಟಿದೆ. ಎದುರಿಗೆ ತಿಪಟೂರಿನ ಒಬ್ಬ ಪಿ.ಟಿ. ಮೇಷ್ಟ್ರು. ನನಗಿಂತ ಉದ್ದ, ನನಗಿಂತ ಚುರುಕು. ಆದರೆ ಹೋಟೆಲಿನಲ್ಲಿ ಅವರ ಮುಂದೆ ಮೂರು ಮಸಾಲೆದೋಸೆ ಬಂದು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದೊಂದೇ ನನ್ನ ಧೈರ್ಯ.

ಇಬ್ಬರದೂ ಸಮ ಸಮ ಆಯಿತು. ನಡುವೆ ಒಂದು ಸಲ ನನ್ನ ಏಟು ಅವರ ಎದೆಗೆ ಸರಿಯಾಗಿ ಬಿತ್ತು. ಅಬ್ಬಾ ಅಂದುಕೊಂಡೆ. ರೆಫ್ರಿ ಕೈಯಾಡಿಸಿಬಿಟ್ಟರು. ಕೂಗಿಲ್ಲ, ಲೆಕ್ಕಕ್ಕಿಲ್ಲ. ಏಟಿನ ಜೊತೆ ಹೊಟ್ಟೆಯಾಳದಿಂದ ಕೂಗು ಬರಬೇಕು, ಅದಿಲ್ಲದ ಏಟು ಏಟೇ ಅಲ್ಲ ಅನ್ನೋದು ಅಲ್ಲಿನ ನಿಯಮ. ನನಗೇನು ಗೊತ್ತಿರಲಿಲ್ಲವೇ? ಆದರೆ ಹೊಟ್ಟೆಯಾಳದಲ್ಲಿ ಆಗ ಇದ್ದದ್ದೇ ಬೇರೆ. ಬಾಯಿ ಬಿಟ್ಟರೆ ಕೂಗಿನ ಬದಲು ಕೇಸರಿಬಾತು ಬಂದೀತೆಂಬ ಭಯ.

"ಕೂಗೋ! ಕೂಗೋ!" ಅಂತ ಮಾಸ್ಟರು ಒಂದು ಕಡೆಯಿಂದ. "ನಿಂತ್ಕೊ! ಕಾಲು ಬಿಡಬ್ಯಾಡ!" ಅಂತ ಉಸ್ತಾದರು ಇನ್ನೊಂದು ಕಡೆಯಿಂದ. ಕೊನೆಯ ಹತ್ತು ಸೆಕೆಂಡು ಅಂತ ಯಾರೋ ಕೂಗಿದರು. ಮೇಷ್ಟ್ರು ಇದ್ದ ಬಲವೆಲ್ಲ ಹಾಕಿ ನನ್ನ ಕಾಲಿಗೆ ಕಾಲು ಕೊಟ್ಟರು. ನಾನು ಅಲ್ಲಾಡಲಿಲ್ಲ. ಅಷ್ಟು ವರ್ಷದ ಬಸ್ಕಿ ತೊಡೆಯಲ್ಲಿತ್ತು. ಅವರೇ ಜೋಲಿ ತಪ್ಪಿದರು. ಹೊಟ್ಟೆ ಬಿಟ್ಟು ಕೈ ಅಗಲವಾದವು. ನಾನು ಒಂದು ಹೆಜ್ಜೆ ಮುಂದಿಟ್ಟು ಗುದ್ದಿದೆ, ಮಾಸ್ಟರು ಕಲಿಸಿದ ಹಾಗೆ, ಬಟ್ಟೆಗೆ ತಾಗಿ ನಿಲ್ಲುವ ಹಾಗೆ. ಕೂಗಬೇಕು ಅಂತ ಬಾಯಿ ತೆರೆದೆ.

ಬಂದದ್ದು ತೇಗು.

ಅಂತಿಂಥ ತೇಗಲ್ಲ. ಏಳು ಇಡ್ಲಿ, ಎರಡು ವಡೆ ಒಟ್ಟಿಗೆ ಎದ್ದು ನಿಂತಂಥ ತೇಗು. ಆ ಸಭಾಂಗಣದ ಜಂತಿಯಲ್ಲಿದ್ದ ಪಾರಿವಾಳಗಳು ಹಾರಿಹೋದವು. ಮುಂದಿನ ಸಾಲಿನಲ್ಲಿದ್ದ ಅತಿಥಿಗಳು ಹಿಂದಕ್ಕೆ ಸರಿದರು. ಮೇಷ್ಟ್ರು ಕಣ್ಣು ಕಣ್ಣು ಬಿಟ್ಟು ನಿಂತರು. ರೆಫ್ರಿ ನನ್ನನ್ನು ನೋಡಿದರು, ಮಾಸ್ಟರನ್ನು ನೋಡಿದರು, ಇದು ಈ ಶಾಲೆಯವರ ಪದ್ಧತಿ ಇರಬೇಕು ಅಂದುಕೊಂಡರೋ ಏನೋ, ನನ್ನ ಕಡೆಗೆ ಬಾವುಟ ಎತ್ತಿದರು.

ಗೆದ್ದೆ! ನಾಚಿಕೆ ಬಿಟ್ಟು ಹೇಳುತ್ತೇನೆ, ಪದಕ ಕೊರಳಿಗೆ ಬಿದ್ದಾಗ ಗಳಗಳ ಅತ್ತುಬಿಟ್ಟೆ. ಉಸ್ತಾದರು ಅದನ್ನು ಬಿಚ್ಚಿಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಸರಿ. ನಿನ್ ಪೈಜಾಮದವ್ರು ಇರ್ಲಿ ಬುಡು. ಜಗುಲಿ ಯಾಕೆ, ಮಳೆ ಬಂದಾಗ ಒಳೀಕೂ ಬರ್ಲಿ" ಅಂದರು.

ಮಾಸ್ಟರು ಮಾತ್ರ ಇನ್ನೂ ತಲೆ ಕೆರೆಯುತ್ತಾ ನಿಂತಿದ್ದರು. ಖುಷಿಪಡಬೇಕೋ ನಾಚಬೇಕೋ ಅವರಿಗೆ ತಿಳಿಯಲಿಲ್ಲ. "ಏಟೇನೋ ಚೆನ್ನಾಗಿತ್ತು," ಅಂದರು ಮೆಲ್ಲಗೆ. "ಆದ್ರೆ ಆ ಕೂಗು ನಾನು ಹೇಳ್ಕೊಟ್ಟಿದ್ದಲ್ಲ ಉಸ್ತಾದ್ರೇ."

ಉಸ್ತಾದರು ಪದಕವನ್ನು ವಾಪಸ್ಸು ನನ್ನ ಕೊರಳಿಗೆ ಹಾಕಿ, ಮಾಸ್ಟರ ಹೆಗಲ ಮೇಲೆ ಕೈಯಿಟ್ಟರು.

"ಏಟು ನಿಮ್ದೇ ಮಾಸ್ಟ್ರೇ, ಒಪ್ಕೋತೀನಿ. ಕೂಗು ಮಾತ್ರ ನಾನು ತಿನ್ಸಿದ್ದು."